ನಾಲ್ಕು ಚೌಕ, ಎರಡೇ ಕೋರ್: ಐ7 ಲ್ಯಾಪ್‌ಟಾಪ್ ಹಳೇ ಐ5 ಮುಂದೆ ಸೋತಿದ್ದೇಕೆ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಇವು ದಿನದ ಕೆಲಸ. ಮದುವೆ ಸೀಸನ್ನಿನಲ್ಲಿ ಆಲ್ಬಮ್ ಮತ್ತು ವಿಡಿಯೋ ಎಡಿಟಿಂಗ್ ಕೂಡ ಮಾಡುತ್ತೇನೆ. ಎಡಿಟಿಂಗ್‌ಗೆ ಅಂತಲೇ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ ಕೋರ್ ಐ7-7500ಯು, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಮಾರಿದವರು 'ಐ7 ರೀ, ನಾಲ್ಕು ಕೋರ್' ಅಂದಿದ್ದರು. ಟಾಸ್ಕ್ ಮ್ಯಾನೇಜರ್‌ನಲ್ಲಿ ನಾಲ್ಕು ಚೌಕಗಳೂ ಕಾಣುತ್ತವೆ. ಆದರೆ ಪಕ್ಕದ ಸ್ಟುಡಿಯೋದವರ ಹಳೇ ಐ5-7400 ಡೆಸ್ಕ್‌ಟಾಪ್‌ನಲ್ಲಿ ಮುಕ್ಕಾಲು ಗಂಟೆಗೆ ರೆಂಡರ್ ಆಗುವ ವಿಡಿಯೋ ನನ್ನದರಲ್ಲಿ ಒಂದೂವರೆ ಗಂಟೆ ತಿನ್ನುತ್ತದೆ. ಅಕ್ಕನ ಮಗ ನೋಡಿ, 'ಮಾಮಾ, ಇದು ಬರೇ ಡ್ಯುಯಲ್ ಕೋರ್ ಐತಿ. ಉಳಿದೆರಡು ಹೈಪರ್-ಥ್ರೆಡಿಂಗು, ಡೂಪ್ಲಿಕೇಟು. ಬಯೋಸ್‌ದಾಗ ಆಫ್ ಮಾಡು, ಸ್ಪೀಡ್ ಆಗ್ತೈತಿ' ಅಂದ. (ಬಯೋಸ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್.) ಇನ್ನೊಬ್ಬರು, ಎರಡು ಕೋರ್ ಅಂದರೆ 2.7ಕ್ಕೆ 2.7 ಕೂಡಿ 5.4 ಗಿಗಾಹರ್ಟ್ಜ್ ಆಗುತ್ತದೆ, ನಿಧಾನ ಆಗಲು ಸಾಧ್ಯವೇ ಇಲ್ಲ ಅನ್ನುತ್ತಾರೆ. ನಾನು ಮೋಸ ಹೋದೆನಾ? ಹೈಪರ್-ಥ್ರೆಡಿಂಗ್ ಆಫ್ ಮಾಡಲಾ? ಇದನ್ನು ಮಾರಿ ಬೇರೆ ತಗೊಳ್ಳಲಾ?

ಉತ್ತರ: ಪ್ರಶ್ನೆ ಮೂರಾದರೂ ನಿಮ್ಮನ್ನು ಕೊರೆಯುತ್ತಿರುವುದು ಒಂದೇ ಅನ್ನಿಸುತ್ತದೆ. ಐ7 ಅಂತ ಜಾಸ್ತಿ ದುಡ್ಡು ಕೊಟ್ಟು ತಂದದ್ದು, ಪಕ್ಕದವರ ಹಳೇ ಐ5 ಮುಂದೆ ಸೋತು ಕೂತಿದೆ. ಎರಡರಲ್ಲೂ ಟಾಸ್ಕ್ ಮ್ಯಾನೇಜರ್ ತೆರೆದರೆ ನಾಲ್ಕೇ ಚೌಕ. ಹಾಗಾದರೆ ವ್ಯತ್ಯಾಸ ಎಲ್ಲಿ?

ಮೋಸದ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಚಿಪ್ ಅಸಲಿ. ಐ7 ಅನ್ನುವ ಹೆಸರೂ ಅಸಲಿ. 'ನಾಲ್ಕು ಕೋರ್' ಅಂದದ್ದು ಮಾತ್ರ ತಪ್ಪು. ಅದರಲ್ಲಿರುವುದು ಎರಡು ಕೋರ್ (ನಿಜವಾಗಿ ಲೆಕ್ಕ ಮಾಡುವ ಯಂತ್ರ), ನಾಲ್ಕು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸಗಳು). ಮಾರಿದವರು ಬೇಕಂತಲೇ ಹಾಗೆ ಹೇಳಿದರೋ, ನಾಲ್ಕು ಚೌಕ ನೋಡಿ ತಾವೂ ನಂಬಿಕೊಂಡಿದ್ದರೋ ಹೇಳುವುದು ಕಷ್ಟ. ನಂಬಿಕೊಂಡಿದ್ದವರನ್ನು ನಾನು ಬಹಳ ಜನ ನೋಡಿದ್ದೇನೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಸಿಪಿಯು ಆರಿಸಿ. ಗ್ರಾಫಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಕೋರ್ಸ್' ಅಂತ ಒಂದು ಸಾಲು, 'ಲಾಜಿಕಲ್ ಪ್ರೊಸೆಸರ್ಸ್' ಅಂತ ಇನ್ನೊಂದು ಸಾಲು ಇರುತ್ತದೆ. ನಿಮ್ಮದರಲ್ಲಿ 2 ಮತ್ತು 4 ಬರುತ್ತದೆ. ಪಕ್ಕದವರದ್ದರಲ್ಲಿ 4 ಮತ್ತು 4. ಚೌಕಗಳು ತೋರಿಸುವುದು ಎರಡನೇ ಸಾಲಿನ ಲೆಕ್ಕವನ್ನು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನೋಡಬೇಕಾದದ್ದು ಮೊದಲನೇ ಸಾಲು.

ನಿಮ್ಮದು ಮತ್ತು ಪಕ್ಕದವರದು, ಈ ಜೋಡಿ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡೂ ಇಂಟೆಲ್‌ನ ಏಳನೇ ತಲೆಮಾರಿನವು. ಒಳಗಿನ ಕೋರ್‌ನ ವಿನ್ಯಾಸ ಒಂದೇ. ಟರ್ಬೋ ಹೊಡೆದಾಗ, ಅಂದರೆ ಮಾಮೂಲಿ ವೇಗ ದಾಟಿ ಓಡಿದಾಗ, ಎರಡೂ ಮುಟ್ಟುವುದು 3.5 ಗಿಗಾಹರ್ಟ್ಜ್. ಎರಡಕ್ಕೂ ನಾಲ್ಕು ಥ್ರೆಡ್. ಆದರೆ ಐ5-7400ನಲ್ಲಿ ನಾಲ್ಕು ನಿಜವಾದ ಕೋರ್ ಇವೆ, ಹೈಪರ್-ಥ್ರೆಡಿಂಗ್ ಇಲ್ಲ. ನಿಮ್ಮ ಐ7ನಲ್ಲಿ ಎರಡು ಕೋರ್, ಜೊತೆಗೆ ಹೈಪರ್-ಥ್ರೆಡಿಂಗ್. ಹಾಗಾಗಿ 'ಕೋರ್ ಅಂದರೆ ಏನು, ಥ್ರೆಡ್ ಅಂದರೆ ಏನು' ಅಂತ ಕೇಳಿದರೆ ನಿಮ್ಮ ಎರಡು ಅಂಗಡಿಗಳ ನಡುವಿನ ಗೋಡೆಯನ್ನೇ ತೋರಿಸಬಹುದು.

ನಿಮ್ಮ ಸೆಂಟರ್‌ನ ಉದಾಹರಣೆಯನ್ನೇ ತಗೊಳ್ಳೋಣ. ಒಂದು ಟೇಬಲ್, ಒಬ್ಬ ಹುಡುಗ. ಒಬ್ಬರು ಸ್ಕಾಲರ್‌ಶಿಪ್ ಅರ್ಜಿಗೆ ಬಂದಿದ್ದಾರೆ. ಹುಡುಗ ಹೆಸರು, ಊರು ತುಂಬಿ ಒಟಿಪಿ ಕಳಿಸಿದ. ಒಟಿಪಿ ಬರುತ್ತಿಲ್ಲ. ಅವರ ಫೋನು ಮನೆಯಲ್ಲಿದೆ, ಮಗಳಿಗೆ ಕಾಲ್ ಮಾಡಿ ಕೇಳಬೇಕು. ಅಷ್ಟು ಹೊತ್ತು ಹುಡುಗ ಸುಮ್ನೆ ಕೂರಬೇಕು. ಜಾಣ ಹುಡುಗ ಕೂರುವುದಿಲ್ಲ. ಹಿಂದೆ ನಿಂತಿರುವ ರೈತರನ್ನು ಕರೆದು ಅವರ ಪಹಣಿ ತೆಗೆಯಲು ಶುರು ಮಾಡುತ್ತಾನೆ. ಟೇಬಲ್ ಮೇಲೆ ಈಗ ಎರಡು ಫೈಲು. ಒಟಿಪಿ ಬಂದ ಕೂಡಲೇ ಮೊದಲಿನದಕ್ಕೆ ವಾಪಸ್. ಇದು ಹೈಪರ್-ಥ್ರೆಡಿಂಗ್. ಹೊರಗಿನಿಂದ ನೋಡಿದವರಿಗೆ ಏಕಕಾಲಕ್ಕೆ ಇಬ್ಬರು ಗಿರಾಕಿಗಳ ಕೆಲಸ ನಡೆಯುತ್ತಿದೆ. ಹುಡುಗ ಮಾತ್ರ ಒಬ್ಬನೇ.

ನೀವು ಇನ್ನೊಂದು ಟೇಬಲ್ ಹಾಕಿ ಇನ್ನೊಬ್ಬ ಹುಡುಗನನ್ನು ಇಟ್ಟುಕೊಂಡರೆ ಅದು ಡ್ಯುಯಲ್ ಕೋರ್.

ಪ್ರೊಸೆಸರ್‌ಗೆ ಈ ಒಟಿಪಿ ಯಾವುದು ಅಂದರೆ, ಬಹುಪಾಲು ಮೆಮೊರಿ. 3 ಗಿಗಾಹರ್ಟ್ಜ್‌ನಲ್ಲಿ ಓಡುವ ಕೋರ್ ಒಂದು ಸೆಕೆಂಡಿಗೆ 300 ಕೋಟಿ ಸಲ 'ಟಿಕ್' ಅನ್ನುತ್ತದೆ. ಬೇಕಾದ ಮಾಹಿತಿ ಪಕ್ಕದ ಕ್ಯಾಶ್‌ನಲ್ಲೇ (ಚಿಪ್‌ನ ಒಳಗಿನ ಸಣ್ಣ, ವೇಗದ ಮೆಮೊರಿ) ಇದ್ದರೆ ನಾಲ್ಕೈದು ಟಿಕ್‌ನಲ್ಲಿ ಕೈಗೆ ಬರುತ್ತದೆ. ಅಲ್ಲಿಲ್ಲದೆ ರ‍್ಯಾಮ್‌ವರೆಗೆ ಹೋಗಬೇಕಾದರೆ 80 ನ್ಯಾನೋಸೆಕೆಂಡ್ ಆಯಿತು ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ 240 ಟಿಕ್. ಅಷ್ಟೂ ಹೊತ್ತು ಆ ದುಬಾರಿ ಯಂತ್ರಕ್ಕೆ ಹೆಚ್ಚೇನೂ ಕೆಲಸ ಇರುವುದಿಲ್ಲ.

ಇಲ್ಲಿ ನನ್ನ ಹೋಲಿಕೆ ಸ್ವಲ್ಪ ಕುಂಟುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಹುಡುಗ ಒಂದು ಫೈಲು ಬಿಟ್ಟು ಇನ್ನೊಂದು ಹಿಡಿಯುತ್ತಾನೆ. ಪ್ರೊಸೆಸರ್ ಅದಕ್ಕಿಂತ ಚುರುಕು. ನಿಮ್ಮ ಚಿಪ್‌ನ ಒಂದು ಕೋರ್‌ನೊಳಗೆ ಕೆಲಸ ರವಾನಿಸುವ ಎಂಟು ಬಾಗಿಲುಗಳಿವೆ. ಕೂಡುವುದಕ್ಕೆ ಕೆಲವು, ಮೆಮೊರಿ ಓದುವುದಕ್ಕೆ ಕೆಲವು, ಬರೆಯುವುದಕ್ಕೆ ಒಂದು, ಹೀಗೆ. ಒಂದೇ ಪ್ರೋಗ್ರಾಂ ಎಂಟನ್ನೂ ಒಟ್ಟಿಗೆ ತುಂಬುವುದು ಅಪರೂಪ. ಉಳಿದ ಬಾಗಿಲುಗಳಲ್ಲಿ ಎರಡನೇ ಥ್ರೆಡ್‌ನ ಕೆಲಸವನ್ನು ಅದೇ ಟಿಕ್‌ನಲ್ಲೇ ನುಗ್ಗಿಸಬಹುದು. ಈ ವಿಚಾರವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸೆನ್, ಸೂಸನ್ ಎಗ್ಗರ್ಸ್, ಹೆನ್ರಿ ಲೆವಿ 1995ರಲ್ಲೇ ಪ್ರಬಂಧವಾಗಿ ಮಂಡಿಸಿದ್ದರು. ಅದಕ್ಕೆ ಅವರಿಟ್ಟ ಹೆಸರು ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್. ಇಂಟೆಲ್ ತನ್ನ ಚಿಪ್‌ಗಳಲ್ಲಿ ತಂದಾಗ ಹೈಪರ್-ಥ್ರೆಡಿಂಗ್ ಅಂತ ಕರೆಯಿತು. ಇಂಟೆಲ್‌ನ ಪೈಪೋಟಿಯ ಕಂಪನಿ ಎಎಂಡಿಯವರು ಈಗಲೂ ಮೂಲ ಹೆಸರನ್ನೇ ಚಿಕ್ಕದಾಗಿಸಿ ಎಸ್‌ಎಂಟಿ ಅನ್ನುತ್ತಾರೆ. ಮೂಲ ವಿಚಾರ ಒಂದೇ.

ಈಗ ನಿಮ್ಮ ಅಕ್ಕನ ಮಗನ ಮಾತಿಗೆ ಬರೋಣ. 'ಬರೇ ಡ್ಯುಯಲ್ ಕೋರ್' ಅಂದದ್ದು ಸರಿ. 'ಡೂಪ್ಲಿಕೇಟು' ಅಂದದ್ದು ಅರ್ಧ ಸರಿ. ಹೈಪರ್-ಥ್ರೆಡಿಂಗ್‌ನಲ್ಲಿ ನಿಜವಾಗಿ ಎರಡೆರಡು ಇರುವುದು ಲೆಕ್ಕದ ಪುಸ್ತಕ ಮಾತ್ರ. ಯಾವ ಪ್ರೋಗ್ರಾಂ ಎಲ್ಲಿಯವರೆಗೆ ಬಂದಿದೆ, ಅದರ ಕೈಯಲ್ಲಿ ಯಾವ ಅಂಕಿಗಳಿವೆ ಅನ್ನುವ ಮಾಹಿತಿಯನ್ನು ಎರಡು ಸೆಟ್ ಇಟ್ಟುಕೊಂಡಿರುತ್ತದೆ. ಅದಕ್ಕೇ ವಿಂಡೋಸ್‌ಗೆ ಎರಡು ಪ್ರೊಸೆಸರ್ ಇದ್ದ ಹಾಗೆ ಕಾಣುವುದು. ಕೂಡಿ ಕಳೆಯುವ ಯಂತ್ರ ಒಂದೇ, ಕ್ಯಾಶ್ ಒಂದೇ. ಕೆಲಸಗಳು ಕಾಯುವ ಕೆಲವು ಸಾಲುಗಳನ್ನಂತೂ ಮಧ್ಯಕ್ಕೆ ಗೆರೆ ಎಳೆದು ಎರಡೂ ಥ್ರೆಡ್‌ಗೆ ಅರ್ಧರ್ಧ ಹಂಚಿರುತ್ತಾರೆ. 2002ರಲ್ಲಿ ಇಂಟೆಲ್ ಎಂಜಿನಿಯರುಗಳು ಕೊಟ್ಟ ಲೆಕ್ಕವೇ ಇದೆ: ಇದಕ್ಕಾಗಿ ಚಿಪ್‌ನ ಗಾತ್ರ ಹೆಚ್ಚಿದ್ದು 5 ಶೇಕಡಾಕ್ಕಿಂತ ಕಡಿಮೆ, ಸಿಗುವ ಲಾಭ ಕೆಲಸಕ್ಕೆ ತಕ್ಕಂತೆ 30 ಶೇಕಡಾವರೆಗೆ. ಐದು ಕೊಟ್ಟು ಮೂವತ್ತು ಪಡೆಯುವುದು ಒಳ್ಳೇ ವ್ಯಾಪಾರವೇ ಅಲ್ವಾ? ಆದರೆ ಐದು ಕೊಟ್ಟವರಿಗೆ ನೂರು ಸಿಗುವುದಿಲ್ಲ. ಎರಡನೇ ಕೋರ್ ಅಂದರೆ ಇಡೀ ಯಂತ್ರವನ್ನೇ ಮತ್ತೊಮ್ಮೆ ಕಟ್ಟುವುದು.

ಈ ಅಂದಾಜು ಇಟ್ಟುಕೊಂಡು ನಿಮ್ಮ ರೆಂಡರ್ ಲೆಕ್ಕ ಮಾಡೋಣ. ರೆಂಡರ್‌ನಲ್ಲಿ ನಡೆಯುವ ವಿಡಿಯೋ ಎನ್‌ಕೋಡಿಂಗ್ (ವಿಡಿಯೋವನ್ನು ಕುಗ್ಗಿಸಿ ಫೈಲು ಮಾಡುವುದು) ಎಷ್ಟು ಥ್ರೆಡ್ ಕೊಟ್ಟರೂ ಚೆನ್ನಾಗಿ ಹಂಚಿಕೊಳ್ಳುವ ಕೆಲಸ. ಪಕ್ಕದವರಲ್ಲಿ ನಾಲ್ಕು ಕೋರ್ ದುಡಿಯುತ್ತವೆ. ನಿಮ್ಮಲ್ಲಿ ಎರಡು ಕೋರ್, ಅದರ ಮೇಲೆ ಹೈಪರ್-ಥ್ರೆಡಿಂಗ್‌ನ ಲಾಭ 25 ಶೇಕಡಾ ಅಂತ ಹಿಡಿದರೆ ಎರಡೂವರೆ ಕೋರ್‌ನಷ್ಟು ದುಡಿಮೆ. ನಾಲ್ಕನ್ನು ಎರಡೂವರೆಯಿಂದ ಭಾಗಿಸಿದರೆ 1.6. ಅಂದರೆ ಅವರ 45 ನಿಮಿಷ ನಿಮ್ಮಲ್ಲಿ 72 ನಿಮಿಷ ಆಗಬೇಕು. ನಿಮಗೆ 90 ಆಗುತ್ತಿದೆ. ಉಳಿದ 18 ನಿಮಿಷ ಎಲ್ಲಿ ಹೋಯಿತು?

ಶಾಖಕ್ಕೆ. ನಿಮ್ಮ ಚಿಪ್ ಹೆಸರಿನ ಕೊನೆಯಲ್ಲಿ 'ಯು' ಇದೆಯಲ್ಲ, ಅದನ್ನು ಯಾರೂ ಓದುವುದಿಲ್ಲ. ಅದು ಕಡಿಮೆ ಕರೆಂಟ್ ತಿನ್ನುವ ತೆಳು ಲ್ಯಾಪ್‌ಟಾಪ್‌ಗೆ ಮಾಡಿದ ಚಿಪ್ ಅನ್ನುವ ಗುರುತು. ಅದಕ್ಕೆ ನಿಗದಿ ಮಾಡಿದ ವಿದ್ಯುತ್ 15 ವ್ಯಾಟ್. ಐ5-7400ಗೆ 65 ವ್ಯಾಟ್. 3.5 ಗಿಗಾಹರ್ಟ್ಜ್ ಎರಡೂ ಮುಟ್ಟುತ್ತವೆ ಅಂದೆ, ಆದರೆ ಡೆಸ್ಕ್‌ಟಾಪ್ ತನ್ನ ಮೇಲಿನ ವೇಗದ ಹತ್ತಿರ ಗಂಟೆಗಟ್ಟಲೆ ಓಡಬಲ್ಲದು. ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಜೋರಾಗಿ ಓಡಿ, ಬಿಸಿಯಾಗಿ, ವೇಗ ಇಳಿಸಿಕೊಳ್ಳುತ್ತದೆ. ಅದೂ ಹಳೇ ಲ್ಯಾಪ್‌ಟಾಪ್. ಫ್ಯಾನಿನಲ್ಲಿ ಧೂಳು, ಚಿಪ್‌ನ ಶಾಖ ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಒಮ್ಮೆ ರೆಂಡರ್‌ಗೆ ಹಾಕಿ ಹತ್ತು ನಿಮಿಷ ಬಿಟ್ಟು ಟಾಸ್ಕ್ ಮ್ಯಾನೇಜರ್‌ನಲ್ಲಿ 'ಸ್ಪೀಡ್' ಎಷ್ಟಿದೆ ನೋಡಿ. 2.7ಕ್ಕಿಂತ ಕೆಳಗೆ ಬಿದ್ದಿದ್ದರೆ ಮೊದಲು ಆಗಬೇಕಾದದ್ದು ಕ್ಲೀನಿಂಗ್.

5.4 ಗಿಗಾಹರ್ಟ್ಜ್ ಅಂದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಂಟೆಗೆ 60 ಕಿಲೋಮೀಟರ್ ಹೋಗುವ ಎರಡು ಬೈಕ್ ಇದ್ದರೆ ಹಾವೇರಿಗೆ 120ರಲ್ಲಿ ಹೋದ ಹಾಗಾಗುವುದಿಲ್ಲ. ಇಬ್ಬರ ಬದಲು ನಾಲ್ವರು ಹೋಗಬಹುದು, ಅಷ್ಟೇ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ಗಮನಿಸಿರಬಹುದು. ಫೋಟೋಶಾಪ್‌ನಲ್ಲಿ ಆಲ್ಬಮ್ ಕೆಲಸ ಮಾಡುವಾಗ ನಿಮ್ಮದಕ್ಕೂ ಅವರದಕ್ಕೂ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಯಾಕೆಂದರೆ ಅಲ್ಲಿನ ಬಹಳಷ್ಟು ಕೆಲಸ ಒಂದೆರಡು ಥ್ರೆಡ್‌ನಲ್ಲೇ ನಡೆಯುತ್ತದೆ. ಉಳಿದ ಕೋರ್‌ಗಳು ಇದ್ದರೂ ಕೈಕಟ್ಟಿ ಕೂರುತ್ತವೆ. ಒಂದೇ ಅರ್ಜಿಯನ್ನು ನಾಲ್ಕು ಹುಡುಗರು ಸೇರಿ ತುಂಬಲು ಆಗುತ್ತದೆಯೇ? ಒಬ್ಬ ತುಂಬುತ್ತಾನೆ, ಮೂವರು ನೋಡುತ್ತಾರೆ. ಅಂಥ ಕಡೆ ಗೆಲ್ಲುವುದು ಒಂದು ಕೋರ್‌ನ ಓಟ, ಕೋರ್‌ಗಳ ಎಣಿಕೆಯಲ್ಲ.

ಟಾಸ್ಕ್ ಮ್ಯಾನೇಜರ್ ಬಗ್ಗೆಯೂ ಒಂದು ಎಚ್ಚರಿಕೆ. ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಏಮಾರುವುದು ಇಲ್ಲಿಯೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿಪಿಯು 50 ಶೇಕಡಾ ಅಂತ ತೋರಿಸಿದರೆ ಇನ್ನೂ ಅರ್ಧ ಶಕ್ತಿ ಬಾಕಿ ಇದೆ ಅಂದುಕೊಳ್ಳಬೇಡಿ. ವಿಂಡೋಸ್ ಸಾಮಾನ್ಯವಾಗಿ ಮೊದಲು ಎರಡು ಕೋರ್‌ಗಳಿಗೂ ಒಂದೊಂದು ಕೆಲಸ ಹಂಚುತ್ತದೆ, ಆಮೇಲೆ ಅವುಗಳ ಎರಡನೇ ಥ್ರೆಡ್ ತುಂಬುತ್ತದೆ. ಅಂದರೆ 50 ಶೇಕಡಾ ಅಂದಾಗ ಎರಡೂ ಹುಡುಗರು ಆಗಲೇ ಪೂರ್ತಿ ದುಡಿಯುತ್ತಿರಬಹುದು. ಉಳಿದ ಐವತ್ತರಲ್ಲಿ ಸಿಗುವುದು ಆ ಕಾಲುಭಾಗದ ಹೆಚ್ಚುವರಿ ಮಾತ್ರ. ಪಕ್ಕದವರ ಐ5ನಲ್ಲಿ 50 ಅಂದರೆ ನಿಜವಾಗಿಯೂ ಎರಡು ಕೋರ್ ಖಾಲಿ ಇವೆ.

ಹಾಗಾದರೆ ಬಯೋಸ್‌ನಲ್ಲಿ ಹೈಪರ್-ಥ್ರೆಡಿಂಗ್ ಆಫ್ ಮಾಡಿದರೆ ಸ್ಪೀಡ್ ಆಗುತ್ತದೆಯೇ? ನಿಮ್ಮಲ್ಲಿ ಆಗುವುದಿಲ್ಲ. ಎರಡೂವರೆ ಇದ್ದದ್ದು ಎರಡಾಗುತ್ತದೆ. ರೆಂಡರ್ ಇನ್ನೂ ನಿಧಾನ. ಜೊತೆಗೆ, ರೆಂಡರ್ ನಡೆಯುವಾಗಲೇ ಗಿರಾಕಿಗೆ ಒಂದು ಪಹಣಿ ತೆಗೆದುಕೊಡುತ್ತೀರಲ್ಲ, ಆಗ ಬ್ರೌಸರ್ ಒದ್ದಾಡದೆ ಉಳಿದಿರುವುದಕ್ಕೆ ಆ ಹೆಚ್ಚುವರಿ ಥ್ರೆಡ್‌ಗಳ ಪಾಲೂ ಇದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಆ ಆಯ್ಕೆಯೇ ಸಿಗುವುದಿಲ್ಲ. ಒಳ್ಳೆಯದೇ ಆಯಿತು.

ಆದರೆ ಆ ಸಲಹೆ ಗಾಳಿಯಿಂದ ಹುಟ್ಟಿದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. ಹೈಪರ್-ಥ್ರೆಡಿಂಗ್ ಮನೆಯ ಕಂಪ್ಯೂಟರ್‌ಗೆ ಬಂದದ್ದು 2002ರ ನವೆಂಬರ್‌ನಲ್ಲಿ, 3.06 ಗಿಗಾಹರ್ಟ್ಜ್‌ನ ಪೆಂಟಿಯಂ 4 ಜೊತೆ. ಸರ್ವರ್‌ಗಳ ಕ್ಸಿಯಾನ್‌ಗೆ ಅದೇ ವರ್ಷ ಅದಕ್ಕಿಂತ ಮೊದಲೇ ಬಂದಿತ್ತು. ಆಗಿನ ಪ್ರೋಗ್ರಾಂಗಳು ಹೆಚ್ಚಿನವು ಒಂದೇ ಥ್ರೆಡ್‌ನವು. ವಿಂಡೋಸ್ 2000ಕ್ಕೆ ನಿಜವಾದ ಪ್ರೊಸೆಸರ್ ಯಾವುದು, ಥ್ರೆಡ್ ಯಾವುದು ಅನ್ನುವ ಭೇದವೇ ತಿಳಿಯುತ್ತಿರಲಿಲ್ಲ. ಇಬ್ಬರು ಗಿರಾಕಿಗಳು ಒಂದೇ ಸಣ್ಣ ಟೇಬಲ್ ಮೇಲೆ ಕಾಗದ ಹರಡಿದರೆ ಏನಾಗುತ್ತದೆಯೋ ಅದೇ ಆಗುತ್ತಿತ್ತು: ಒಬ್ಬರ ಕಾಗದ ಇನ್ನೊಬ್ಬರದನ್ನು ಕ್ಯಾಶ್‌ನಿಂದ ಕೆಳಗೆ ಬೀಳಿಸುತ್ತಿತ್ತು. ಕೆಲವು ಕೆಲಸ ನಿಜಕ್ಕೂ ನಿಧಾನವಾಗುತ್ತಿದ್ದವು. ಆಗ ಆಫ್ ಮಾಡಿ ಅನ್ನುವ ಸಲಹೆಯನ್ನು ನಾನೂ ಕೊಟ್ಟಿದ್ದೇನೆ. ಇಪ್ಪತ್ತು ವರ್ಷದ ಹಿಂದಿನ ಆ ಮಾತು ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಎರಡನೇ ಕಾರಣ ಇತ್ತೀಚಿನದು, ಗಂಭೀರವಾದದ್ದು. ಒಂದೇ ಟೇಬಲ್ ಹಂಚಿಕೊಂಡವರು ಪಕ್ಕದವರ ಕಾಗದ ಇಣುಕಿ ನೋಡಬಹುದು ಅಲ್ವಾ? 2018 ಮತ್ತು 2019ರಲ್ಲಿ ಸಂಶೋಧಕರು ಅಂಥ ಹಲವು ಭದ್ರತಾ ಬಿರುಕುಗಳನ್ನು ತೋರಿಸಿದರು. ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ 2018ರಲ್ಲಿ ಹೈಪರ್-ಥ್ರೆಡಿಂಗನ್ನು ತಾನಾಗಿಯೇ ಆಫ್ ಮಾಡಿತು. 2019ರಲ್ಲಿ ಗೂಗಲ್ ಕೂಡ ಕ್ರೋಮ್ ಓಎಸ್‌ನಲ್ಲಿ ಹಾಗೆಯೇ ಮಾಡಿತು. ಆ ವರ್ಷ ಆಪಲ್ ತನ್ನ ಮ್ಯಾಕ್ ಬಳಕೆದಾರರಿಗೆ, ಪೂರ್ತಿ ರಕ್ಷಣೆ ಬೇಕಾದರೆ ಆಫ್ ಮಾಡಿಕೊಳ್ಳಬಹುದು, ಆದರೆ ವೇಗ 40 ಶೇಕಡಾವರೆಗೆ ಇಳಿಯಬಹುದು ಅಂತ ತಿಳಿಸಿತು. ಯಾರು ಯಾರೋ ಬಾಡಿಗೆಗೆ ಕೂತಿರುವ ದೊಡ್ಡ ಸರ್ವರ್‌ಗಳಿಗೆ ಇದು ತಲೆನೋವಿನ ವಿಷಯ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೀವೊಬ್ಬರೇ ಕೂರುವುದು. ಅಪ್‌ಡೇಟ್ ಹಾಕಿಕೊಂಡಿದ್ದರೆ ಇದಕ್ಕಾಗಿ ಆಫ್ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಅಪ್‌ಡೇಟ್ ವಿಷಯಕ್ಕೆ ಮತ್ತೆ ಬರುತ್ತೇನೆ, ನಿಮ್ಮ ನಿಜವಾದ ತೊಂದರೆ ಅಲ್ಲಿದೆ.

ಈ ಗೊಂದಲಕ್ಕೆಲ್ಲ ನಿಮ್ಮದಾಗಲೀ ಅಂಗಡಿಯವರದಾಗಲೀ ತಪ್ಪಿಲ್ಲ. ಹೆಸರಿಟ್ಟವರದೇ ತಪ್ಪು. 2004ರ ಹೊತ್ತಿಗೆ ಪೆಂಟಿಯಂ 4 ಓಟ ಗೋಡೆಗೆ ಬಂದು ನಿಂತಿತ್ತು. ವೇಗ ಏರಿಸಿದಷ್ಟೂ ಚಿಪ್ ಕುದಿಯುತ್ತಿತ್ತು. ಆ ವರ್ಷ ಇಂಟೆಲ್ 4 ಗಿಗಾಹರ್ಟ್ಜ್ ಚಿಪ್‌ನ ಯೋಜನೆಯನ್ನೇ ಕೈಬಿಟ್ಟಿತು. ಒಬ್ಬನನ್ನು ಇನ್ನಷ್ಟು ಓಡಿಸುವ ಬದಲು ಇಬ್ಬರನ್ನು ಇಡೋಣ ಅಂತ 2005ರಲ್ಲಿ ಪೆಂಟಿಯಂ ಡಿ ಬಂತು, ಎಎಂಡಿಯಿಂದ ಅಥ್ಲಾನ್ 64 ಎಕ್ಸ್2 ಬಂತು. 2006ರಲ್ಲಿ ಕೋರ್ 2 ಡ್ಯುಯೋ ಬಂದಾಗ ಇಂಟೆಲ್ ಹೈಪರ್-ಥ್ರೆಡಿಂಗನ್ನೇ ಬಿಟ್ಟಿತ್ತು. ಆ ಕಾಲದ ಒಂದು ಚಿಪ್ ನಮ್ಮವರದು: 2008ರಲ್ಲಿ ಬಂದ ಆರು ಕೋರ್‌ಗಳ ಕ್ಸಿಯಾನ್ 7400 ಸರ್ವರ್ ಚಿಪ್ ವಿನ್ಯಾಸಗೊಂಡದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ. ಅದರಲ್ಲೂ ಹೈಪರ್-ಥ್ರೆಡಿಂಗ್ ಇರಲಿಲ್ಲ. ಅದೇ ವರ್ಷದ ಕೊನೆಗೆ ಮೊದಲ ಕೋರ್ ಐ7 ಜೊತೆ ಅದು ವಾಪಸ್ ಬಂತು.

2007ರಲ್ಲಿ ಇಂಟೆಲ್ ಇನ್ನೊಂದು ಕೆಲಸ ಮಾಡಿತು. 'ಪೆಂಟಿಯಂ ಡ್ಯುಯಲ್-ಕೋರ್' ಅನ್ನುವುದನ್ನೇ ಒಂದು ಬ್ರ್ಯಾಂಡ್ ಮಾಡಿ, ಕೋರ್ 2 ಡ್ಯುಯೋಗಿಂತ ಅಗ್ಗದ ಚಿಪ್‌ಗಳಿಗೆ ಇಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 'ಡ್ಯುಯಲ್ ಕೋರ್ ಬೇಕಾ, ಕೋರ್ ಟು ಡ್ಯುಯೋ ಬೇಕಾ' ಅಂತ ಕೇಳುತ್ತಿದ್ದರು. ಎರಡರಲ್ಲೂ ಎರಡೇ ಕೋರ್! ಹೀಗೆ ನಮ್ಮಲ್ಲಿ 'ಡ್ಯುಯಲ್ ಕೋರ್' ಅಂದರೆ ಅಗ್ಗದ ಮಾಲು ಅಂತ ಅರ್ಥ ಬಂದುಬಿಟ್ಟಿತು. ಐ7 ಒಳಗೂ ಎರಡೇ ಕೋರ್ ಇರಬಹುದು ಅಂದರೆ ಈಗಲೂ ಜನ ನಂಬುವುದಿಲ್ಲ. ಏಳನೇ ತಲೆಮಾರಿನವರೆಗೆ ಡೆಸ್ಕ್‌ಟಾಪ್‌ನಲ್ಲಿ ಐ3 ಅಂದರೆ ಎರಡು ಕೋರ್ ನಾಲ್ಕು ಥ್ರೆಡ್, ಐ5 ಬಹುಪಾಲು ನಾಲ್ಕು ಕೋರ್ ನಾಲ್ಕು ಥ್ರೆಡ್, ಐ7 ಬಹುಪಾಲು ನಾಲ್ಕು ಕೋರ್ ಎಂಟು ಥ್ರೆಡ್. ಆದರೆ 'ಯು' ಇರುವ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಐ3, ಐ5, ಐ7 ಎಲ್ಲವೂ ಎರಡು ಕೋರ್ ನಾಲ್ಕು ಥ್ರೆಡ್. ವೇಗ, ಕ್ಯಾಶ್, ಟರ್ಬೋ ಇಷ್ಟರಲ್ಲೇ ವ್ಯತ್ಯಾಸ. ನಿಮ್ಮ ಐ7ನ ತೂಕ ಡೆಸ್ಕ್‌ಟಾಪ್ ಐ3ದು. ಬೇಜಾರಾದರೂ ಅದೇ ನಿಜ.

ಅಂದಹಾಗೆ ಕೋರ್ ಅಂದರೆ ಏನು ಅನ್ನುವ ಜಗಳ ಅಮೆರಿಕದಲ್ಲಿ ಕೋರ್ಟಿಗೂ ಹೋಗಿತ್ತು. ಎಎಂಡಿಯ ಬುಲ್‌ಡೋಜರ್ ಚಿಪ್‌ಗಳಲ್ಲಿ ಎರಡೆರಡು ಕೋರ್‌ಗಳು ಕೆಲವು ಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. ಎಂಟು ಅಂತ ಮಾರಿದ್ದು ನಿಜಕ್ಕೂ ಎಂಟಲ್ಲ ಅಂತ ಗಿರಾಕಿಗಳು ದಾವೆ ಹೂಡಿದರು. 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿಯಾಯಿತು.

ಈಗ ಏನು ಮಾಡಬಹುದು ನೋಡೋಣ.

ಮೊದಲು ದುಡ್ಡಿಲ್ಲದ ದಾರಿ. ನಿಮ್ಮ ಚಿಪ್‌ನ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಯಂತ್ರ ಇದೆ. ವಿಡಿಯೋ ಎನ್‌ಕೋಡ್ ಮಾಡುವುದೇ ಅದರ ಕೆಲಸ. ಅದಕ್ಕೂ ಕೋರ್‌ಗಳ ಎಣಿಕೆಗೂ ಸಂಬಂಧವಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 'ಹಾರ್ಡ್‌ವೇರ್ ಎನ್‌ಕೋಡಿಂಗ್' ಅನ್ನುವ ಆಯ್ಕೆ ಇದೆಯೇ ಹುಡುಕಿ. ಪ್ರೀಮಿಯರ್ ಪ್ರೊನ ಈಚಿನ ಆವೃತ್ತಿಗಳಲ್ಲಿದೆ. ಅದನ್ನು ಆನ್ ಮಾಡಿದರೆ ನಿಮ್ಮ ಒಂದೂವರೆ ಗಂಟೆ ಗಣನೀಯವಾಗಿ ಇಳಿಯುವ ಸಾಧ್ಯತೆ ಇದೆ. ಎಫೆಕ್ಟ್‌ಗಳು ಜಾಸ್ತಿ ಇದ್ದರೆ ಅಷ್ಟು ಲಾಭ ಸಿಗಲಿಕ್ಕಿಲ್ಲ, ಅವು ಕೋರ್‌ಗಳ ಮೇಲೇ ಬೀಳುತ್ತವೆ. ಒಂದು ಕುಂದೂ ಇದೆ. ಅದೇ ಬಿಟ್‌ರೇಟ್‌ಗೆ (ಒಂದು ಸೆಕೆಂಡಿನ ವಿಡಿಯೋಗೆ ಬಳಸುವ ಮಾಹಿತಿಯ ಪ್ರಮಾಣ) ಚಿತ್ರದ ಗುಣಮಟ್ಟ ಸ್ವಲ್ಪ ಕಡಿಮೆ. ಮಂಟಪದ ಮಂದ ಬೆಳಕಿನಲ್ಲಿ, ಅಕ್ಷತೆ ಹಾರುವ ದೃಶ್ಯದಲ್ಲಿ ಗೊತ್ತಾಗಬಹುದು. ಬಿಟ್‌ರೇಟ್ ಏರಿಸಿ ಎರಡು ನಿಮಿಷದ ತುಣುಕು ಮಾಡಿ ಟಿವಿಯಲ್ಲಿ ಹಾಕಿ ನೋಡಿ, ಆಮೇಲೆ ಪೂರ್ತಿ ಫೈಲು ಕೊಡಿ.

ಎರಡನೆಯದು ರಿಪೇರಿ. ಫ್ಯಾನ್ ಕ್ಲೀನ್ ಮಾಡಿಸಿ, ಪೇಸ್ಟ್ ಬದಲಿಸಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿಸಿ. ಎಸ್‌ಎಸ್‌ಡಿಯಿಂದ ರೆಂಡರ್ ಸಮಯ ಹೆಚ್ಚೇನೂ ಇಳಿಯುವುದಿಲ್ಲ, ಆ ಆಸೆ ಬೇಡ. ಆದರೆ ಕಂಪ್ಯೂಟರ್ ಶುರುವಾಗುವುದು, ಫೈಲು ತೆರೆಯುವುದು, ಟೈಮ್‌ಲೈನ್ ಎಳೆಯುವುದು ಬೇರೆಯದೇ ಅನುಭವ ಆಗುತ್ತದೆ. ನನ್ನ ಬಳಿ 'ಪ್ರೊಸೆಸರ್ ಸ್ಲೋ' ಅಂತ ಬಂದ ಯಂತ್ರಗಳಲ್ಲಿ ಹೆಚ್ಚಿನವು ಪ್ರೊಸೆಸರ್‌ಗೆ ಕಾಯುತ್ತಿರಲಿಲ್ಲ, ಡಿಸ್ಕಿಗೆ ಕಾಯುತ್ತಿದ್ದವು. ರ‍್ಯಾಮ್ ಸ್ಲಾಟ್ ಇನ್ನೊಂದು ಖಾಲಿ ಇದ್ದರೆ 8 ಜಿಬಿ ಸೇರಿಸಿ. ಪ್ರೊಸೆಸರ್ ಮಾತ್ರ ಬದಲಿಸಲು ಆಗುವುದಿಲ್ಲ. 'ಯು' ಚಿಪ್‌ಗಳನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಬದಲಿಸಿಕೊಡುತ್ತೇವೆ ಅಂದವರ ಅಂಗಡಿಯಿಂದ ಎದ್ದು ಬನ್ನಿ.

ಆದರೆ ಈ ಲ್ಯಾಪ್‌ಟಾಪ್ ಮೇಲೆ ಜಾಸ್ತಿ ದುಡ್ಡು ಸುರಿಯಬೇಡಿ ಅನ್ನಲು ಒಂದು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು, ಕೆಲವೇ ವಿನಾಯಿತಿ ಬಿಟ್ಟರೆ, ಎಂಟನೇ ತಲೆಮಾರು ಅಥವಾ ಮೇಲಿನ ಇಂಟೆಲ್ ಚಿಪ್. ನಿಮ್ಮದು ಏಳನೆಯದು. ಏನೋ ಮಾಡಿ ಹಾಕಿಕೊಡುವವರು ಸಿಗುತ್ತಾರೆ. ಆದರೆ ಹಾಗೆ ಹಾಕಿದರೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ. ನಿಮ್ಮ ಅಂಗಡಿಯಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಆಗುತ್ತವೆ. ಹೈಪರ್-ಥ್ರೆಡಿಂಗ್ ಬಿರುಕಿಗಿಂತ ಅಪ್‌ಡೇಟ್ ಇಲ್ಲದ ವಿಂಡೋಸ್‌ಗೆ ನಾನು ಹೆಚ್ಚು ಹೆದರುತ್ತೇನೆ.

ಹಾಗಾಗಿ ಸೀಸನ್ ದುಡಿಮೆ ಕೈಗೆ ಬಂದಾಗ ಎಡಿಟಿಂಗ್‌ಗೆ ಒಂದು ಡೆಸ್ಕ್‌ಟಾಪ್ ನೋಡಿ. ಲ್ಯಾಪ್‌ಟಾಪ್ ಬೇಡ. ರೆಂಡರ್ ಅನ್ನುವುದು ಗಂಟೆಗಟ್ಟಲೆ ಬಿಸಿ ಮಾಡುವ ಕೆಲಸ, ಅದಕ್ಕೆ ಗಾಳಿಯಾಡುವ ಡಬ್ಬ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಐ5-8400ರಿಂದ ಶುರು ಮಾಡಿ. ಆರು ಕೋರ್, ಆರು ಥ್ರೆಡ್, ಹೈಪರ್-ಥ್ರೆಡಿಂಗ್ ಇಲ್ಲ. ಐ5-10400 ಸಿಕ್ಕರೆ ಇನ್ನೂ ಒಳ್ಳೆಯದು, ಅದು ಆರು ಕೋರ್, ಹನ್ನೆರಡು ಥ್ರೆಡ್. ಇವೆರಡರ ಬೆಲೆ ಹತ್ತಿರ ಹತ್ತಿರ ಇದ್ದರೆ ಎರಡನೆಯದು ತಗೊಳ್ಳಿ. ಕೋರ್ ಸಮ ಇದ್ದಾಗ ಹೈಪರ್-ಥ್ರೆಡಿಂಗ್ ಇರುವುದು ಗೆಲ್ಲುತ್ತದೆ. ಆದರೆ 'ಹನ್ನೆರಡು ಇದೆ, ಎರಡು ಪಟ್ಟು ಸ್ಪೀಡ್' ಅಂತ ಎರಡು ಪಟ್ಟು ಬೆಲೆ ಕೇಳಿದರೆ ಕೊಡಬೇಡಿ. ಎಎಂಡಿ ಕಡೆ ರೈಜನ್ 5 5600ಜಿ ಕೂಡ ಆರು ಕೋರ್, ಹನ್ನೆರಡು ಥ್ರೆಡ್. ಇಂಟೆಲ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಎಚ್ಚರ. ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಮೂಡುವುದಿಲ್ಲ, ಕ್ವಿಕ್ ಸಿಂಕ್ ಕೂಡ ಸಿಗುವುದಿಲ್ಲ.

ಹೊಸದೇ ಕೊಳ್ಳುವುದಾದರೆ ಎಣಿಕೆ ಇನ್ನಷ್ಟು ಗೋಜಲು. ಹನ್ನೆರಡನೇ ತಲೆಮಾರಿನಿಂದ ಇಂಟೆಲ್ ಅನೇಕ ಚಿಪ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಅಂತ ಎರಡು ಜಾತಿ ಇಡುತ್ತಿದೆ. ಆ ತಲೆಮಾರಿನ ಐ5-1235ಯು ಲ್ಯಾಪ್‌ಟಾಪನ್ನು 'ಹತ್ತು ಕೋರ್' ಅಂತ ಮಾರುತ್ತಾರೆ. ಸುಳ್ಳಲ್ಲ. ಆದರೆ ದೊಡ್ಡವು ಎರಡೇ, ಉಳಿದ ಎಂಟು ಸಣ್ಣವು. ಹೈಪರ್-ಥ್ರೆಡಿಂಗ್ ಇರುವುದು ದೊಡ್ಡವಕ್ಕೆ ಮಾತ್ರ, ಒಟ್ಟು ಹನ್ನೆರಡು ಥ್ರೆಡ್. 2024ರಲ್ಲಿ ಬಂದ ಕೋರ್ ಅಲ್ಟ್ರಾ 200ವಿ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ, ಕೋರ್ ಅಲ್ಟ್ರಾ 200ಎಸ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹೈಪರ್-ಥ್ರೆಡಿಂಗನ್ನೇ ತೆಗೆದಿದ್ದಾರೆ. ಹಾಗಂತ ಅವು ನಿಮ್ಮದಕ್ಕಿಂತ ಕಡಿಮೆ ಅಂದುಕೊಂಡೀರಿ! ಟೇಬಲ್ ಹಂಚುವ ಬದಲು ಪಕ್ಕದಲ್ಲಿ ಸಣ್ಣ ಟೇಬಲ್‌ಗಳನ್ನೇ ಹಾಕಿದ್ದಾರೆ, ಅಷ್ಟೇ.

ಈಗಿರುವ ಲ್ಯಾಪ್‌ಟಾಪ್ ಮಾರಬೇಡಿ, ಈಗ ಮಾರಿದರೆ ಕೈಗೆ ಹೆಚ್ಚು ಬರುವುದೂ ಇಲ್ಲ. ಎಸ್‌ಎಸ್‌ಡಿ ಹಾಕಿ ಆಲ್ಬಮ್ ಡಿಸೈನಿಗೆ ಇಟ್ಟುಕೊಳ್ಳಿ. ಇಂಟರ್ನೆಟ್ ಬೇಕಾದ ಅರ್ಜಿ ಕೆಲಸಗಳನ್ನು ಅಪ್‌ಡೇಟ್ ಬರುವ ಯಂತ್ರದಲ್ಲಿ ಮಾಡಿ.

ಮತ್ತೆ ಆ ಪಕ್ಕದ ಸ್ಟುಡಿಯೋದವರಿಗೂ ಒಂದು ಮಾತು ಹೇಳಿಬಿಡಿ. ಅವರ ಐ5-7400 ರೆಂಡರ್‌ನಲ್ಲಿ ಗೆದ್ದಿದೆ ನಿಜ. ಅದೂ ಏಳನೇ ತಲೆಮಾರಿನದೇ, ವಿಂಡೋಸ್ 11 ಪಟ್ಟಿಯಲ್ಲಿ ಅದಕ್ಕೂ ಜಾಗ ಇಲ್ಲ.